ನೆಲದ ಮೇಲಿನ ಮೋಡ

ಗಣಕಶಕ್ತಿಯೂ ಈಗ ಬಾಡಿಗೆಗೆ ದೊರೆಯುತ್ತದೆ. ಆದರೆ ಬಾಡಿಗೆಗೆ ದೊರೆಯದ ವಸ್ತುವೊಂದು ಉಳಿದಿದೆ

ಕಾಳಿದಾಸನ ಯಕ್ಷನು ರಾಮಗಿರಿಯ ನೆತ್ತಿಯ ಮೇಲೆ ತೇಲಿಬಂದ ಮೋಡವನ್ನು ಕಂಡು, ಅಲಕಾಪುರಿಯಲ್ಲಿದ್ದ ತನ್ನ ನಲ್ಲೆಗೆ ಅದರ ಮೂಲಕ ಸಂದೇಶವನ್ನು ಕಳುಹಿಸಿದನಷ್ಟೆ. ವಿರಹದಲ್ಲಿ ಬೆಂದವನಿಗೆ ಜಡವಸ್ತುವೂ ದೂತನಾಗಿ ಕಾಣುವುದು ಸಹಜವೆಂದು ಸಹೃದಯರು ಇದನ್ನು ಒಪ್ಪಿಕೊಂಡು ಬಂದಿದ್ದಾರೆ. ಆದರೆ ಇಂದು ಬೆಂಗಳೂರಿನ ಕಲ್ಯಾಣನಗರದಲ್ಲಿ ಹತ್ತು ಮನೆಗಳ ಬಾಗಿಲು ತಟ್ಟಿ ವಿಚಾರಿಸಿದರೆ, ಮೋಡವೇ ದೂತನಾಗಿ, ಮೋಡವೇ ಭಂಡಾರಿಯಾಗಿ, ಮೋಡವೇ ಗುಮಾಸ್ತನಾಗಿ ದುಡಿಯುತ್ತಿರುವುದು ತಿಳಿದುಬರುತ್ತದೆ. ಮೊಮ್ಮಗಳ ನಾಮಕರಣದ ಛಾಯಾಚಿತ್ರಗಳು ಮೋಡದಲ್ಲಿವೆ. ಮಗನ ಪದವಿಪತ್ರದ ಪ್ರತಿ ಮೋಡದಲ್ಲಿದೆ. ಬೀದಿಯ ಮೂಲೆಯ ಔಷಧದ ಅಂಗಡಿಯ ಲೆಕ್ಕಪತ್ರ ಮೋಡದಲ್ಲಿದೆ. ಯಾವುದೋ ಮನೆಯ ಮೂರನೆಯ ಮಹಡಿಯಲ್ಲಿ ನಾಲ್ವರು ತರುಣರು ಸೇರಿ ಆರಂಭಿಸಿದ ಕಂಪೆನಿಯಂತೂ ಸಂಪೂರ್ಣವಾಗಿ ಮೋಡದಲ್ಲಿಯೇ ಇದೆ. ನೆಲದ ಮೇಲೆ ಅದಕ್ಕಿರುವುದು ನಾಲ್ಕು ಕುರ್ಚಿ, ನಾಲ್ಕು ಲ್ಯಾಪ್‌ಟಾಪು ಮಾತ್ರ.

ಯಾವ ಮೋಡವಿದು? ಎಲ್ಲಿದೆ? ಯಾರದು? ಅದು ಕರಗಿಹೋದರೆ ಗತಿಯೇನು? ದಿನವೂ ಅದನ್ನು ಬಳಸುವವರಲ್ಲಿ ಈ ಪ್ರಶ್ನೆಗಳನ್ನು ಕೇಳಿಕೊಂಡವರು ವಿರಳ.

ಹೆಸರಿನ ಹಿಂದೆ

ಆಕಾಶದ ಮೋಡಕ್ಕೂ ಈ ಮೋಡಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ದೂರಸಂಪರ್ಕ ಜಾಲಗಳ ನಕ್ಷೆಯನ್ನು ಬರೆಯುವ ಇಂಜಿನಿಯರುಗಳು, ತಮ್ಮ ಕೆಲಸಕ್ಕೆ ಸಂಬಂಧಪಡದ ನಡುವಿನ ಭಾಗವನ್ನು ವಿವರವಾಗಿ ಬಿಡಿಸುವ ಗೋಜಿಗೆ ಹೋಗದೆ, ಅಲ್ಲೊಂದು ಮೋಡದ ಆಕಾರವನ್ನು ಗೀಚಿಬಿಡುವುದು ವಾಡಿಕೆಯಾಗಿತ್ತು. ಇದರೊಳಗೆ ಏನಿದೆಯೆಂಬುದು ನಮಗೆ ಬೇಡ, ಈ ಕಡೆಯಿಂದ ಹೋದದ್ದು ಆ ಕಡೆಗೆ ತಲಪಿದರೆ ಸಾಕು ಎಂಬುದು ಅದರ ಅರ್ಥ. ‘ಕ್ಲೌಡ್ ಕಂಪ್ಯೂಟಿಂಗ್’ ಎಂಬ ಹೆಸರಿಗೆ ಮೂಲ ಆ ಗೀಚುಚಿತ್ರವೇ.

ಆದರೆ ಒಳಗಿರುವುದು ಹತ್ತಿಯಂಥ ಮೃದು ವಸ್ತುವಲ್ಲ. ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು. ಅವುಗಳ ಒಳಗೆ ಪುಸ್ತಕಭಂಡಾರದ ಕಪಾಟುಗಳಂತೆ ಸಾಲಾಗಿ ನಿಂತ ಕಬ್ಬಿಣದ ಚೌಕಟ್ಟುಗಳು. ಒಂದೊಂದು ಚೌಕಟ್ಟಿನಲ್ಲಿಯೂ ಒಂದರ ಮೇಲೊಂದರಂತೆ ಜೋಡಿಸಿದ, ಸರ್ವರುಗಳೆಂಬ ಗಣಕಯಂತ್ರಗಳು. ಅವು ಕುಡಿದ ವಿದ್ಯುತ್ತೆಲ್ಲವೂ ಕೊನೆಗೆ ಶಾಖವಾಗಿಯೇ ಹೊರಬರುವುದರಿಂದ ಹಗಲೂ ಇರುಳೂ ತಣ್ಣನೆಯ ಗಾಳಿಯನ್ನೋ ನೀರನ್ನೋ ಹರಿಸುತ್ತಿರಬೇಕು. ವಿದ್ಯುತ್ತು ನಿಂತರೆ ಆ ಕ್ಷಣಕ್ಕೆ ಬ್ಯಾಟರಿಗಳು, ಆಮೇಲೆ ಡೀಸಲ್ ಯಂತ್ರಗಳು. ಹೀಗೆ ನೋಡಿದರೆ ಮೋಡವೆಂಬುದು ನೀರು, ಬೆಂಕಿ, ಕಬ್ಬಿಣ, ಎಣ್ಣೆಗಳನ್ನು ನಂಬಿದ ಒಂದು ಕಾರ್ಖಾನೆ. ಇದಕ್ಕೆ ದತ್ತಾಂಶ ಕೇಂದ್ರವೆಂದು ಹೆಸರು.

ಶಿವನಸಮುದ್ರದ ಪಾಠ

ಬೇಕಾದುದನ್ನು ಮನೆಯಲ್ಲಿಯೇ ಉತ್ಪಾದಿಸಿಕೊಳ್ಳದೆ ದೂರದ ಕಾರ್ಖಾನೆಯಿಂದ ತರಿಸಿಕೊಂಡು, ಬಳಸಿದಷ್ಟಕ್ಕೆ ಹಣ ಕೊಡುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಗಳು ಮೊದಲು ತಮ್ಮ ಉಗಿಯಂತ್ರಗಳನ್ನು ತಾವೇ ನಡೆಸಿಕೊಂಡು ಬರುತ್ತಿದ್ದುವು. ೧೯೦೨ರ ಜೂನ್ ತಿಂಗಳಲ್ಲಿ ಶಿವನಸಮುದ್ರದ ಜಲಪಾತದಿಂದ ಹೊರಟ ವಿದ್ಯುತ್ತು ಸುಮಾರು ೯೨ ಮೈಲಿಗಳ ತಂತಿಮಾರ್ಗವನ್ನು ಕ್ರಮಿಸಿ ಆ ಗಣಿಗಳನ್ನು ಮುಟ್ಟಿತು. ಮೂರು ವರ್ಷಗಳ ಅನಂತರ, ೧೯೦೫ರ ಆಗಸ್ಟ್ ೫ರಂದು, ಅದೇ ಕಾವೇರಿಯ ಬಲದಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದುವು. ದೀಪ ಹಚ್ಚಿದವನು ಜಲಪಾತವನ್ನು ಕಂಡಿರಬೇಕಾಗಿರಲಿಲ್ಲ. ಅವನಿಗೆ ಗುಂಡಿ ಬೇಕು, ಮೀಟರು ಬೇಕು, ತಿಂಗಳ ಕೊನೆಗೆ ಲೆಕ್ಕ ಬೇಕು. ಮಿಕ್ಕುದೆಲ್ಲ ಬೇರೆಯವರ ಪಾಲು.

ಗಣಕಶಕ್ತಿಯನ್ನೂ ದೂರವಾಣಿಯಂತೆ ಸಾರ್ವಜನಿಕ ಸೇವೆಯಾಗಿ ಒದಗಿಸಬಹುದೆಂಬ ಮಾತನ್ನು ಅಮೆರಿಕದ ವಿಜ್ಞಾನಿ ಜಾನ್ ಮೆಕಾರ್ಥಿಯವರು ೧೯೬೧ರಲ್ಲಿಯೇ, ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಶತಮಾನೋತ್ಸವದ ಭಾಷಣದಲ್ಲಿ ಆಡಿದ್ದರು. ಆಗ ಗಣಕಯಂತ್ರವೆಂದರೆ ಒಂದು ಕೋಣೆಯನ್ನು ತುಂಬುವ ದುಬಾರಿ ವಸ್ತು. ಒಬ್ಬನೇ ಅದನ್ನು ಹಿಡಿದುಕೊಂಡು ಕುಳಿತರೆ ಅದರ ಬಹುಕಾಲ ವ್ಯರ್ಥವಾಗುವುದೆಂದು ಹಲವರು ಒಟ್ಟಿಗೆ ಸಮಯವನ್ನು ಹಂಚಿಕೊಂಡು ಬಳಸುವ ಉಪಾಯವೂ ಆ ದಶಕದಲ್ಲಿಯೇ ಬಳಕೆಗೆ ಬಂದಿತು. ಆದರೆ ತಂತಿಯ ಕೊರತೆಯಿಂದ ಆ ಕನಸು ದೀರ್ಘಕಾಲ ಕನಸಾಗಿಯೇ ಉಳಿಯಿತು. ಯಂತ್ರವು ದೂರದಲ್ಲಿದ್ದರೂ ಕೈಯಳತೆಯಲ್ಲಿರುವಂತೆ ತೋರಬೇಕಾದರೆ ನಡುವಿನ ಹಾದಿ ಅಗಲವಾಗಿರಬೇಕಲ್ಲವೆ?

ಆ ಹಾದಿಯ ಮೊದಲ ಹೆಜ್ಜೆಗಳಲ್ಲೊಂದು ಬಿದ್ದದ್ದು ಬೆಂಗಳೂರು ದಂಡಿನಲ್ಲಿ. ೧೯೮೫ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಎಂಬ ಅಮೆರಿಕದ ಕಂಪೆನಿ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್ ಕಟ್ಟಡದಲ್ಲಿ ತನ್ನ ಕಛೇರಿಯನ್ನು ತೆರೆಯಿತು. ಉಪಗ್ರಹದ ಸಂಪರ್ಕವನ್ನು ಏರ್ಪಡಿಸಿಕೊಂಡು ಇಲ್ಲಿನ ಇಂಜಿನಿಯರುಗಳು ದೂರದ ಅಮೆರಿಕದೊಡನೆ ಕೆಲಸವನ್ನು ಹಂಚಿಕೊಂಡು ದುಡಿಯುವಂತೆ ಮಾಡಿತು. ಅದಾದ ಮೇಲೆ ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕು, ಕಲ್ಯಾಣನಗರಕ್ಕೆ ಸಮೀಪದ ನಾಗವಾರದ ಮಾನ್ಯತಾ ಟೆಕ್ ಪಾರ್ಕು ಮೊದಲಾದುವು ತಲೆಯೆತ್ತಿದ ಕಥೆ ಎಲ್ಲರಿಗೂ ತಿಳಿದದ್ದೇ.

ವಠಾರದ ಉಪಾಯ

ಬಾಡಿಗೆಯ ಗಣಕಕ್ಕೆ ತಂತಿಯಷ್ಟೇ ಮುಖ್ಯವಾದ ಇನ್ನೊಂದು ಸಾಧನ ಬೇಕಾಗಿತ್ತು. ಹಳೆಯ ಬೆಂಗಳೂರಿನ ವಠಾರವನ್ನು ನೆನೆದರೆ ಅದು ಸುಲಭವಾಗಿ ಅರ್ಥವಾಗುತ್ತದೆ. ಒಂದೇ ನಿವೇಶನ, ಒಂದೇ ಬಾವಿ, ಒಂದೇ ಹೆಬ್ಬಾಗಿಲು. ಒಳಗೆ ಹತ್ತು ಸಂಸಾರಗಳು. ಪ್ರತಿಯೊಂದು ಸಂಸಾರಕ್ಕೂ ತನ್ನದೇ ಬಾಗಿಲು, ತನ್ನದೇ ಬೀಗ, ತನ್ನದೇ ಒಲೆ. ಅದರಂತೆಯೇ ಒಂದು ದೊಡ್ಡ ಗಣಕವನ್ನು ತಂತ್ರಾಂಶದ ಗೋಡೆಗಳಿಂದ ಹಲವು ಚಿಕ್ಕ ಗಣಕಗಳಾಗಿ ವಿಂಗಡಿಸುವ ವಿದ್ಯೆಯುಂಟು. ಒಳಗಿರುವವನಿಗೆ ಇಡೀ ಯಂತ್ರವೇ ತನ್ನದೆಂದು ತೋರುತ್ತದೆ. ಪಕ್ಕದವನ ಸುಳಿವೇ ಇರುವುದಿಲ್ಲ. ದೊಡ್ಡ ಯಂತ್ರಗಳಲ್ಲಿ ೧೯೬೦ರ ದಶಕದಿಂದಲೂ ಇದ್ದ ಈ ವಿದ್ಯೆ, ಶತಮಾನದ ಕೊನೆಯ ವೇಳೆಗೆ ಸಾಮಾನ್ಯ ಅಗ್ಗದ ಯಂತ್ರಗಳಿಗೂ ಒದಗಿತು.

ಇದನ್ನು ವ್ಯಾಪಾರವಾಗಿ ಬೆಳೆಸಿದ ಕೀರ್ತಿ ಪುಸ್ತಕ ಮಾರುತ್ತಿದ್ದ ಅಂಗಡಿಯೊಂದಕ್ಕೆ ಸಲ್ಲುತ್ತದೆಂಬುದು ವಿಸ್ಮಯದ ಸಂಗತಿ. ಅಮೆಜಾನ್ ಕಂಪೆನಿ ೨೦೦೬ರ ಮಾರ್ಚಿಯಲ್ಲಿ ‘ಎಸ್-೩’ ಎಂಬ ಉಗ್ರಾಣವನ್ನೂ, ಅದೇ ವರ್ಷದ ಆಗಸ್ಟಿನಲ್ಲಿ ‘ಇಸಿ-೨’ ಎಂಬ ಬಾಡಿಗೆಯ ಗಣಕವನ್ನೂ ತೆರೆಯಿತು. ಆಗ ಗಣಕದ ಆರಂಭದ ಬಾಡಿಗೆ ಗಂಟೆಗೆ ಹತ್ತು ಸೆಂಟು. ಬಂಡವಾಳವಿಲ್ಲದ ತರುಣನೂ ಗಂಟೆಯ ಲೆಕ್ಕದಲ್ಲಿ ಗಣಕವನ್ನು ಹಿಡಿದು, ಕೆಲಸ ಮುಗಿದೊಡನೆ ಬಿಟ್ಟುಬಿಡಬಹುದಾಯಿತು. ೨೦೦೮ರಲ್ಲಿ ಗೂಗಲ್ ತನ್ನ ‘ಆ್ಯಪ್ ಇಂಜಿನ್’ ಅನ್ನು ತೆರೆಯಿತು. ೨೦೧೦ರಲ್ಲಿ ಮೈಕ್ರೋಸಾಫ್ಟಿನ ‘ಅಜೂರ್’ ಮಾರುಕಟ್ಟೆಗೆ ಬಂದಿತು. ಇಂದು ಈ ಮೂವರೇ ಈ ವ್ಯಾಪಾರದ ಮುಂಚೂಣಿಯಲ್ಲಿದ್ದಾರೆ. ಅವರ ಹಿಂದೆ ಒರಾಕಲ್, ಐಬಿಎಂ ಮೊದಲಾದವರಿದ್ದಾರೆ.

ಕಲ್ಯಾಣಮಂಟಪದ ನ್ಯಾಯ

ಇವರೆಲ್ಲ ಮಾರುವ ಸೇವೆಗಳ ಪಟ್ಟಿಯನ್ನು ನೋಡಿದವರಿಗೆ ತಲೆ ತಿರುಗುವುದು ಸಹಜ. ನೂರಾರು ಹೆಸರುಗಳು, ಒಂದೊಂದು ಕಂಪೆನಿಯದೂ ಒಂದೊಂದು ಪರಿಭಾಷೆ. ಆದರೆ ಮದುವೆ ಮಾಡಿಸಿದ ಅನುಭವವಿರುವ ಯಾವ ಗೃಹಸ್ಥನಿಗೂ ಇದರ ಮರ್ಮ ಹೊಸದಲ್ಲ. ಮಗಳ ಮದುವೆಗೆಂದು ಯಾರೂ ಮಂಟಪವನ್ನು ಕಟ್ಟಿಸುವುದಿಲ್ಲ. ಎರಡು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿಯುತ್ತಾರೆ. ಹಿಡಿಯುವುದರಲ್ಲಿ ಮೂರು ಬಗೆಯುಂಟು.

ಮೊದಲನೆಯದು ಬರಿಯ ಮಂಟಪ. ಸ್ಥಳ, ನೀರು, ದೀಪ ಅವರದು; ಪಾತ್ರೆ, ಪದಾರ್ಥ, ಅಡಿಗೆಯವರು ಎಲ್ಲವೂ ನಮ್ಮದು. ಗಣಕದ ಲೋಕದಲ್ಲಿ ಇದು ಮೂಲಸೌಕರ್ಯದ ಸೇವೆ: ಖಾಲಿ ಗಣಕ, ಖಾಲಿ ಉಗ್ರಾಣ, ಜಾಲದ ಸಂಪರ್ಕ ಇಷ್ಟನ್ನು ಕೊಟ್ಟು ಉಳಿದ ಸಂಸಾರವನ್ನು ಬಾಡಿಗೆದಾರನಿಗೇ ಬಿಡುತ್ತಾರೆ. ‘ಇಸಿ-೨’ ಈ ಬಗೆಯದು.

ಎರಡನೆಯದರಲ್ಲಿ ಒಲೆ, ಪಾತ್ರೆ, ಅಡಿಗೆಯವರು ಕೂಡ ಮಂಟಪದವರೇ. ಪದಾರ್ಥವನ್ನು ತಂದುಕೊಟ್ಟು ಏನು ಮಾಡಬೇಕೆಂದು ಹೇಳಿದರೆ ಸಾಕು. ಇದು ವೇದಿಕೆಯ ಸೇವೆ. ತರುಣ ಇಂಜಿನಿಯರು ತಾನು ಬರೆದ ತಂತ್ರಾಂಶವನ್ನು ಒಪ್ಪಿಸುತ್ತಾನೆ. ಅದನ್ನು ಎಷ್ಟು ಯಂತ್ರಗಳ ಮೇಲೆ ನಡೆಸಬೇಕು, ಕೆಟ್ಟ ಯಂತ್ರವನ್ನು ಯಾವಾಗ ಬದಲಿಸಬೇಕು ಎಂಬ ಚಿಂತೆ ವೇದಿಕೆಯವರದು. ಗೂಗಲಿನ ‘ಆ್ಯಪ್ ಇಂಜಿನ್’ ಇದಕ್ಕೆ ನಿದರ್ಶನ. ೨೦೧೪ರಲ್ಲಿ ಅಮೆಜಾನ್ ಪ್ರಕಟಿಸಿದ ‘ಲ್ಯಾಂಬ್ಡ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಂತ್ರಾಂಶವು ಓಡಿದ ಕ್ಷಣಗಳಿಗೆ ಮಾತ್ರ, ಆಟೋರಿಕ್ಷಾದ ಮೀಟರಿನಂತೆ, ಹಣವನ್ನು ಎಣಿಸುತ್ತದೆ.

ಮೂರನೆಯದು ಪೂರ್ಣ ಗುತ್ತಿಗೆ. ಎಲೆಗೆ ಇಷ್ಟೆಂದು ಮಾತನಾಡಿ ಬಂದು ಕುಳಿತರಾಯಿತು, ಬಡಿಸುವವರೂ ಅವರೇ. ಜಿ-ಮೇಲಿನಲ್ಲಿ ಪತ್ರ ಬರೆಯುವವನೂ, ಚೆನ್ನೈಯ ಜೋಹೋ ಕಂಪೆನಿಯ ಲೆಕ್ಕದ ಪುಸ್ತಕದಲ್ಲಿ ವ್ಯಾಪಾರವನ್ನು ದಾಖಲು ಮಾಡುವವನೂ ಉಣ್ಣುತ್ತಿರುವುದು ಈ ಗುತ್ತಿಗೆಯ ಊಟವನ್ನೇ. ತಂತ್ರಾಂಶವನ್ನೇ ಸೇವೆಯಾಗಿ ಕೊಡುವ ಈ ಬಗೆ ಸಾಮಾನ್ಯ ಜನರಿಗೆ ಹೆಚ್ಚು ಪರಿಚಿತವಾದದ್ದು.

ಈ ಮೂರರಲ್ಲಿ ಮೇಲುಕೀಳೆಂಬುದಿಲ್ಲ. ಮೊದಲನೆಯದರಲ್ಲಿ ಸ್ವಾತಂತ್ರ್ಯ ಹೆಚ್ಚು, ದುಡಿಮೆಯೂ ಹೆಚ್ಚು. ಮೂರನೆಯದರಲ್ಲಿ ನೆಮ್ಮದಿ ಹೆಚ್ಚು. ಆದರೆ ಬಡಿಸಿದ್ದನ್ನು ಉಣ್ಣಬೇಕು.

ಜಾತ್ರೆಯ ದಿನ

ಮೋಡದ ನಿಜವಾದ ಪ್ರಯೋಜನ ಕಾಣುವುದು ಜನಸಂದಣಿಯ ದಿನ. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಫ್ಲಿಪ್‌ಕಾರ್ಟ್ ಸಂಸ್ಥೆ ೨೦೧೪ರ ಅಕ್ಟೋಬರ್ ೬ರಂದು ಮಹಾಮಾರಾಟವೊಂದನ್ನು ಸಾರಿತು. ಅದಕ್ಕಾಗಿ ಸುಮಾರು ೫,೦೦೦ ಸರ್ವರುಗಳನ್ನು ಹೂಡಿ, ನಿತ್ಯಕ್ಕಿಂತ ೨೦ ಪಾಲು ಹೆಚ್ಚಿನ ಸಂದಣಿಗೆ ಸಿದ್ಧರಾಗಿದ್ದೆವೆಂದು ಅದರ ಸ್ಥಾಪಕರು ಅನಂತರ ಗ್ರಾಹಕರಿಗೆ ಬರೆದ ಕ್ಷಮಾಪಣೆಯ ಪತ್ರದಲ್ಲಿ ತಿಳಿಸಿದರು. ಬಂದ ಜನರು ಅದಕ್ಕೂ ಹೆಚ್ಚು. ಹತ್ತು ಗಂಟೆಗಳಲ್ಲಿ ೬೦೦ ಕೋಟಿ ರೂಪಾಯಿಗಳ ವ್ಯಾಪಾರವೇನೋ ನಡೆಯಿತು. ಆದರೆ ಬಾಗಿಲಲ್ಲಿ ನಿಂತು ಒಳಹೋಗಲಾರದೆ ಹಿಂದಿರುಗಿದವರೂ ಅಸಂಖ್ಯ.

ಸ್ವಂತದ ಯಂತ್ರಗಳನ್ನಿಟ್ಟುಕೊಂಡವನಿಗೆ ಇಲ್ಲಿ ಎರಡು ಸಂಕಟಗಳು. ಜಾತ್ರೆಯ ಲೆಕ್ಕಕ್ಕೆ ಯಂತ್ರ ಕೊಂಡರೆ ವರ್ಷವೆಲ್ಲ ಅವು ಸುಮ್ಮನೆ ಕುಳಿತಿರುತ್ತವೆ. ನಿತ್ಯದ ಲೆಕ್ಕಕ್ಕೆ ಕೊಂಡರೆ ಜಾತ್ರೆಯ ದಿನ ಮಾನ ಹೋಗುತ್ತದೆ. ಮೋಡದಲ್ಲಾದರೆ ಬೆಳಿಗ್ಗೆ ನೂರು ಗಣಕಗಳನ್ನು ಹಿಡಿದು ಸಂಜೆಗೆ ತೊಂಬತ್ತನ್ನು ಬಿಟ್ಟುಕೊಡಬಹುದು. ಆದರೂ ಯಂತ್ರಗಳು ಹೆಚ್ಚಿದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದೆಂದು ತಿಳಿಯಬಾರದು. ನೂರು ಮಂದಿ ಬಡಿಸುವವರಿದ್ದರೂ ಸಾರಿನ ಕೊಳದಪ್ಪಲೆ ಒಂದೇ ಆಗಿದ್ದರೆ ಪಂಕ್ತಿ ನಿಲ್ಲುವುದು ಅಲ್ಲಿಯೇ. ಯೋಜನೆಯ ದೋಷವನ್ನು ಬಾಡಿಗೆಯ ಹಣ ಮುಚ್ಚಲಾರದು.

ಬೆಂಗಳೂರಿನ ಮೋಡ ಬೆಂಗಳೂರಿನಲ್ಲಿಲ್ಲ

ಇಲ್ಲೊಂದು ಸ್ವಾರಸ್ಯವುಂಟು. ಹೊರವರ್ತುಲ ರಸ್ತೆಯ ಉದ್ದಕ್ಕೂ ಮೋಡವನ್ನು ಕಟ್ಟುವವರು, ಕಾಯುವವರು, ಬಳಸುವವರು ಸಾವಿರಾರು ಮಂದಿ ಇದ್ದಾರೆ. ಆದರೆ ಮುಂಚೂಣಿಯ ಮೂರು ಕಂಪೆನಿಗಳು ಭಾರತದಲ್ಲಿ ನೆಲೆಯೂರಲು ಮೊದಲು ಆರಿಸಿಕೊಂಡದ್ದು ಬೇರೆ ಊರುಗಳನ್ನು. ಮೈಕ್ರೋಸಾಫ್ಟ್ ೨೦೧೫ರಲ್ಲಿ ಪುಣೆ, ಚೆನ್ನೈ, ಮುಂಬಯಿಗಳಲ್ಲಿ, ಅಮೆಜಾನ್ ೨೦೧೬ರಲ್ಲಿ ಮುಂಬಯಿಯಲ್ಲಿಯೂ ೨೦೨೨ರಲ್ಲಿ ಹೈದರಾಬಾದಿನಲ್ಲಿಯೂ, ಗೂಗಲ್ ೨೦೧೭ರಲ್ಲಿ ಮುಂಬಯಿಯಲ್ಲಿಯೂ ೨೦೨೧ರಲ್ಲಿ ದೆಹಲಿಯ ವಲಯದಲ್ಲಿಯೂ ತಮ್ಮ ಪ್ರಾದೇಶಿಕ ಕೇಂದ್ರಗಳನ್ನು ತೆರೆದುವು. ಸಮುದ್ರದ ತಳದಲ್ಲಿ ಹಾಸಿದ ಸಂಪರ್ಕದ ಹುರಿಗಳು ದಡ ಸೇರುವುದು ಮುಂಬಯಿ, ಚೆನ್ನೈಗಳಂಥ ಕರಾವಳಿಯ ನಗರಗಳಲ್ಲಿ. ಬೆಂಗಳೂರಾದರೋ ಸಮುದ್ರದಿಂದ ದೂರದ ಪ್ರಸ್ಥಭೂಮಿ.

ದೂರಕ್ಕೆ ಬೆಲೆಯುಂಟು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಓಡುತ್ತದೆ. ಕಲ್ಯಾಣನಗರದಿಂದ ಮುಂಬಯಿಗೆ ಹೋಗಿ ಬರಲು ಅದಕ್ಕೆ ಕಣ್ಣು ಮಿಟುಕಿಸುವಷ್ಟು ಕಾಲವೂ ಬೇಡ. ಅಮೆರಿಕಕ್ಕೆ ಹೋಗಿ ಬರುವುದರೊಳಗೆ ಕಾಯುವಿಕೆ ಅನುಭವಕ್ಕೆ ಬರುವಷ್ಟಾಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಸ್ಥಳ ಮುಖ್ಯ. ಹಣ ಪಾವತಿಯ ವಿವರಗಳನ್ನು ಭಾರತದಲ್ಲಿಯೇ ಇಡತಕ್ಕದ್ದೆಂದು ರಿಸರ್ವ್ ಬ್ಯಾಂಕು ೨೦೧೮ರಲ್ಲಿ ಆಜ್ಞೆ ಮಾಡಿತು.

ಸರಕಾರಗಳೂ ತಮ್ಮವೇ ಮೋಡಗಳನ್ನು ಕಟ್ಟಿಕೊಂಡಿವೆ. ಕೇಂದ್ರ ಸರಕಾರದ ಯೋಜನೆಗೆ ‘ಮೇಘರಾಜ್’ ಎಂದು ಹೆಸರು. ಅದರ ಅಂಗವಾದ ರಾಷ್ಟ್ರೀಯ ಮೋಡ ೨೦೧೪ರಲ್ಲಿ ಕಾರ್ಯಾರಂಭ ಮಾಡಿತು. ಹಳೆ ಮದ್ರಾಸು ರಸ್ತೆಯ ಬೈಯಪ್ಪನಹಳ್ಳಿಯಲ್ಲಿ ಬೆಂಗಳೂರು ಕೇಂದ್ರವನ್ನು ಹೊಂದಿರುವ ಸಿ-ಡ್ಯಾಕ್ ಸಂಸ್ಥೆ ತಾನು ರೂಪಿಸಿದ ಮೋಡದ ತಂತ್ರಾಂಶಕ್ಕೆ ‘ಮೇಘದೂತ’ವೆಂದೇ ಹೆಸರಿಟ್ಟಿದೆ. ಕರ್ನಾಟಕದ ‘ಭೂಮಿ’ ಯೋಜನೆಯ ಇತಿಹಾಸವೂ ಈ ದೃಷ್ಟಿಯಿಂದ ಗಮನಾರ್ಹ. ಹೊಸ ಶತಮಾನದ ಆರಂಭದಲ್ಲಿ ಸುಮಾರು ೨ ಕೋಟಿ ಪಹಣಿಗಳು ಗಣಕವನ್ನು ಸೇರಿದಾಗ, ಒಂದೊಂದು ತಾಲ್ಲೂಕು ಕಛೇರಿಯಲ್ಲಿಯೂ ಒಂದೊಂದು ಯಂತ್ರ ಆ ತಾಲ್ಲೂಕಿನ ಲೆಕ್ಕವನ್ನು ಹೊತ್ತು ನಿಂತಿತ್ತು. ಮುಂದೆ ಅವು ರಾಜ್ಯದ ದತ್ತಾಂಶ ಕೇಂದ್ರಕ್ಕೆ ಬಂದು ಸೇರಿದುವು. ರೈತನು ಯಾವ ಊರಿನಿಂದಲಾದರೂ ತನ್ನ ಪಹಣಿಯನ್ನು ನೋಡಬಹುದಾದದ್ದು ಇದರ ಲಾಭ. ಹತ್ತು ಕಡೆ ಹಂಚಿದ್ದ ಅಪಾಯ ಒಂದೆಡೆಗೆ ಕೂಡಿಕೊಂಡದ್ದು ಅದರ ಇನ್ನೊಂದು ಮುಖ.

ಮೋಡ ಕರಗಿದ ದಿನಗಳು

ಈ ಇನ್ನೊಂದು ಮುಖವನ್ನು ಲೋಕ ಹಲವು ಬಾರಿ ಕಂಡಿದೆ. ೨೦೧೭ರ ಫೆಬ್ರವರಿ ೨೮ರಂದು ಅಮೆರಿಕದ ವರ್ಜೀನಿಯದಲ್ಲಿ ಅಮೆಜಾನಿನ ನೌಕರನೊಬ್ಬ ಆಜ್ಞೆಯೊಂದನ್ನು ತಪ್ಪಾಗಿ ಟೈಪು ಮಾಡಿದ್ದರಿಂದ, ತೆಗೆಯಬೇಕಾದುದಕ್ಕಿಂತ ಹೆಚ್ಚು ಸರ್ವರುಗಳು ಕೆಲಸದಿಂದ ಹೊರಬಿದ್ದು, ಸುಮಾರು ನಾಲ್ಕು ಗಂಟೆಗಳ ಕಾಲ ಅಸಂಖ್ಯ ಜಾಲತಾಣಗಳು ಸ್ತಬ್ಧವಾದುವು. ಅಲ್ಲಿ ಕಳೆದುಹೋದದ್ದು ಕಾಲ ಮಾತ್ರ. ೨೦೨೧ರ ಮಾರ್ಚ್ ೧೦ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಒವಿಎಚ್ ಕಂಪೆನಿಯ ದತ್ತಾಂಶ ಕೇಂದ್ರವೊಂದು ಸುಟ್ಟುಹೋದಾಗ ಕಥೆ ಬೇರೆಯಾಯಿತು. ಬೇರೆ ಕಡೆ ಪ್ರತಿಯನ್ನು ಇಟ್ಟುಕೊಳ್ಳದಿದ್ದ ಗ್ರಾಹಕರ ಬರಹ, ಲೆಕ್ಕ, ಚಿತ್ರಗಳು ಅಕ್ಷರಶಃ ಬೂದಿಯಾದುವು. ಮೋಡದಲ್ಲಿಟ್ಟದ್ದು ಸುಡಲಾರದೆಂದು ನಂಬಿದ್ದವರಿಗೆ ಅದೊಂದು ಆಘಾತ.

ಅದಕ್ಕಿಂತ ಘೋರವಾದ ಪಾಠ ದಕ್ಷಿಣ ಕೊರಿಯದಿಂದ ಬಂದಿತು. ೨೦೨೫ರ ಸೆಪ್ಟೆಂಬರ್ ೨೬ರಂದು ದೇಜಾನ್ ನಗರದ ಸರಕಾರಿ ದತ್ತಾಂಶ ಕೇಂದ್ರದಲ್ಲಿ, ಆಪತ್ತಿಗೆಂದು ಇರಿಸಿದ್ದ ಬ್ಯಾಟರಿಗೇ ಬೆಂಕಿ ಹತ್ತಿಕೊಂಡಿತು. ೬೦೦ಕ್ಕೂ ಹೆಚ್ಚು ಸರಕಾರಿ ಸೇವೆಗಳು ನಿಂತುವು. ಅಧಿಕಾರಿಗಳು ತಮ್ಮ ಕಡತಗಳನ್ನು ಇರಿಸುತ್ತಿದ್ದ ‘ಜಿ-ಡ್ರೈವ್’ ಎಂಬ ಉಗ್ರಾಣದಲ್ಲಿದ್ದ ೮೫೮ ಟೆರಾಬೈಟುಗಳಷ್ಟು ದಾಖಲೆಗಳು ನಾಶವಾದುವು. ಅದರ ಗಾತ್ರ ತೀರ ದೊಡ್ಡದೆಂಬ ಕಾರಣದಿಂದ ಅದಕ್ಕೆ ಬೇರೊಂದು ಪ್ರತಿಯನ್ನೇ ಮಾಡಿರಲಿಲ್ಲ. ತಂತ್ರವಿದ್ಯೆಯಲ್ಲಿ ಮುಂದುವರಿದ ದೇಶಕ್ಕೇ ಹೀಗಾದರೆ ಉಳಿದವರ ಪಾಡೇನು?

ಬೆಂಕಿ, ಕೈತಪ್ಪುಗಳಲ್ಲದೆ ದುರುದ್ದೇಶವೂ ಉಂಟು. ಆಸ್ತಿಯ ನೋಂದಣಿಗಾಗಿ ಕರ್ನಾಟಕವು ೨೦೨೩ರಲ್ಲಿ ಜಾರಿಗೆ ತಂದ ‘ಕಾವೇರಿ ೨.೦’ ವ್ಯವಸ್ಥೆಯ ಮೇಲೆ ೨೦೨೫ರ ಜನವರಿಯಲ್ಲಿ ಸುಳ್ಳು ಬೇಡಿಕೆಗಳ ಮಹಾಪೂರವನ್ನೇ ಹರಿಯಬಿಡಲಾಯಿತು. ನಕಲಿ ಖಾತೆಗಳಿಂದ ಋಣಭಾರ ಪತ್ರಗಳಿಗಾಗಿ ಸುರಿದ ಹುಡುಕಾಟಗಳಿಂದ ವ್ಯವಸ್ಥೆ ಉಸಿರುಕಟ್ಟಿತು. ಸಾಲಸೋಲ ಮಾಡಿ ನಿವೇಶನ ಕೊಳ್ಳಲು ಹೊರಟವರು ಉಪನೋಂದಣಾಧಿಕಾರಿಗಳ ಕಛೇರಿಗಳಲ್ಲಿ ಕಾದು ಕುಳಿತು ಬರಿಗೈಯಲ್ಲಿ ಹಿಂದಿರುಗಬೇಕಾಯಿತು. ಕಾಣದ ಯಂತ್ರಕ್ಕೆ ಬಿದ್ದ ಪೆಟ್ಟು ಕಾಣುವ ಮನುಷ್ಯನ ಬಾಳಿಗೆ ತಟ್ಟುವುದು ಹೀಗೆ.

ಬಾಡಿಗೆಗೆ ದೊರೆಯದ ವಸ್ತು

ಹಾಗಾದರೆ ಮೋಡವನ್ನು ತೊರೆದು ಮನೆಗೊಂದು ಯಂತ್ರವನ್ನಿಟ್ಟುಕೊಳ್ಳುವುದೇ ಲೇಸೆ? ಅದು ವಿದ್ಯುತ್ತನ್ನು ಬಿಟ್ಟು ಮತ್ತೆ ಸೀಮೆಯೆಣ್ಣೆಯ ದೀಪಕ್ಕೆ ಮರಳಿದಂತೆ. ಚಿಕ್ಕ ಅಂಗಡಿಯವನು ತನ್ನ ಮೇಜಿನ ಕೆಳಗಿಟ್ಟ ಯಂತ್ರವನ್ನು ಕಾಯುವುದಕ್ಕಿಂತ ಎಷ್ಟೋ ಚೆನ್ನಾಗಿ ದೊಡ್ಡ ಕಂಪೆನಿಗಳು ತಮ್ಮ ಯಂತ್ರಗಳನ್ನು ಕಾಯುತ್ತವೆ. ಒಂದು ಪ್ರದೇಶದೊಳಗೇ ಪರಸ್ಪರ ದೂರದಲ್ಲಿರುವ ಕೇಂದ್ರಗಳನ್ನು ಕಟ್ಟಿ, ಒಂದು ಕೆಟ್ಟರೆ ಇನ್ನೊಂದು ನಡೆಯುವಂತೆ ಏರ್ಪಾಡು ಮಾಡಿರುತ್ತವೆ. ಆದರೆ ಆ ಎರಡನೆಯ ಕೇಂದ್ರವನ್ನು ಬಳಸಬೇಕೆಂದು ಹೇಳುವವನೂ, ಅದಕ್ಕೆ ಹಣ ತೆರುವವನೂ ಬಾಡಿಗೆದಾರನೇ.

ಮೋಡದ ಕಂಪೆನಿಗಳು ತಮ್ಮ ಕರಾರಿನಲ್ಲಿಯೇ ಇದನ್ನು ಸ್ಪಷ್ಟಪಡಿಸಿವೆ. ಕಟ್ಟಡ, ಯಂತ್ರ, ವಿದ್ಯುತ್ತುಗಳ ರಕ್ಷಣೆ ಅವರದು. ಒಳಗೆ ಇಟ್ಟ ವಸ್ತುವಿನ ರಕ್ಷಣೆ, ಬೀಗದ ಕೈ, ಯಾರಿಗೆ ಬಾಗಿಲು ತೆರೆಯಬೇಕೆಂಬ ನಿರ್ಣಯ ಬಾಡಿಗೆದಾರನದು. ವಠಾರದ ಯಜಮಾನ ಹೆಬ್ಬಾಗಿಲನ್ನು ಕಾಯಬಹುದು. ಸಂಸಾರಸ್ಥನು ತನ್ನ ಮನೆಯ ಬಾಗಿಲನ್ನೇ ತೆರೆದಿಟ್ಟು ಮಲಗಿದರೆ ಯಾರನ್ನು ದೂರುವುದು? ೨೦೨೩ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ತತ್ತ್ವವೂ ಇದೇ. ಜನರ ವಿವರಗಳನ್ನು ಸಂಗ್ರಹಿಸಿದವನು ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿದರೂ ಉತ್ತರ ಹೇಳಬೇಕಾದವನು ತಾನೇ. ತಪ್ಪಿದರೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವನ್ನು ಆ ಅಧಿನಿಯಮ ವಿಧಿಸುತ್ತದೆ.

ಆದುದರಿಂದ ಮೋಡವನ್ನು ನೆಚ್ಚಿದವರು, ಅವರು ಮೂರನೆಯ ಮಹಡಿಯ ತರುಣರಾಗಲಿ, ಮೊಮ್ಮಗಳ ಚಿತ್ರಗಳನ್ನು ಕಾಪಾಡುವ ಅಜ್ಜಿಯಾಗಲಿ, ಕೆಲವು ನಿಯಮಗಳನ್ನು ಪಾಲಿಸುವುದು ಹಿತಕರ. ಮುಖ್ಯವಾದುದರ ಪ್ರತಿಗಳು ಮೂರಿರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದಾದರೂ ಬೇರೆ ಊರಿನಲ್ಲಿರಲಿ. ಪ್ರತಿ ಇದ್ದರೆ ಸಾಲದು, ಅದನ್ನು ಆಗಾಗ ತೆರೆದು ನೋಡಬೇಕು. ತೆರೆಯಲು ಬಾರದ ಪ್ರತಿ ಇಲ್ಲದ ಪ್ರತಿಗೆ ಸಮ. ಗುಪ್ತಪದವನ್ನು ಒಂದೇ ಕೀಲಿಯಾಗಿ ನಂಬದೆ, ದೂರವಾಣಿಗೆ ಬರುವ ಸಂಖ್ಯೆಯಂಥ ಎರಡನೆಯ ಕೀಲಿಯನ್ನೂ ಹಾಕಬೇಕು. ಬಾಡಿಗೆಯ ಗಣಕವನ್ನು ಹಿಡಿದವರು ವೆಚ್ಚಕ್ಕೆ ಮೊದಲೇ ಮಿತಿಯನ್ನು ಗೊತ್ತುಮಾಡಿ, ಮಿತಿ ಮೀರುವ ಮುನ್ನ ಎಚ್ಚರಿಕೆ ಬರುವಂತೆ ಏರ್ಪಡಿಸಬೇಕು. ಆರಿಸಲು ಮರೆತ ದೀಪದಂತೆ ನಿಲ್ಲಿಸಲು ಮರೆತ ಗಣಕವೂ ರಾತ್ರಿಯೆಲ್ಲ ಮೀಟರನ್ನು ತಿರುಗಿಸುತ್ತಿರುತ್ತದೆ. ಒಳಗೆ ಹೋಗುವಾಗಲೇ ಹೊರಗೆ ಬರುವ ದಾರಿಯನ್ನು ವಿಚಾರಿಸಬೇಕು. ಮೋಡಕ್ಕೆ ಸಾಮಾನನ್ನು ಸಾಗಿಸುವುದು ಸಾಮಾನ್ಯವಾಗಿ ಪುಕ್ಕಟೆ. ಹಿಂದಕ್ಕೆ ತರುವಾಗ ಸಾಗಾಣಿಕೆಯ ಲೆಕ್ಕ ಏಳುವುದುಂಟು.

ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಅದನ್ನು ಕಾಯುವ ಕುಶಲಿಗಳ ದುಡಿಮೆಯನ್ನೂ ಪಡೆಯಬಹುದು. ಹೊಣೆಯನ್ನು ಮಾತ್ರ ಯಾವ ಕಂಪೆನಿಯೂ ಬಾಡಿಗೆಗೆ ಕೊಡುವುದಿಲ್ಲ. ಅದು ಕೊನೆಯವರೆಗೂ ವಸ್ತುವಿನ ಒಡೆಯನ ಬಳಿಯಲ್ಲಿಯೇ ಉಳಿಯತಕ್ಕದ್ದು.